ಸರಕು ಪಿಕಪ್‌ಗಳ ಕಮಾನು ಮಟ್ಟ: ತಿಪಟೂರು ತೆಂಗಿನ ಸೀಮೆಯ ಹೊರೆ ಮತ್ತು ಎಳೆತ

ಸರಕು ಹೊರುವ ಪಿಕಪ್ ವಾಹನವು ಸಮನೆಲದ ಮೇಲೆ ನಿಂತಾಗ ಅದರ ಚಾಸಿಯ ಮುಂಭಾಗವೂ ಹಿಂಭಾಗವೂ ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆ ಎಂಬ ಪರಸ್ಪರ ಸಂಬಂಧವನ್ನು ಕಮಾನು ಮಟ್ಟ ಎನ್ನಬಹುದು. ಚಾಸಿ ಎಂದರೆ ಎಂಜಿನ್, ಬಾಡಿ ಮತ್ತು ಸರಕನ್ನು ಹೊತ್ತಿರುವ ಉಕ್ಕಿನ ಚೌಕಟ್ಟು. ಅದು ಅಚ್ಚುಗಳ ಮೇಲೆ ನೇರವಾಗಿ ಕೂರದೆ ಕಮಾನು ಪಟ್ಟಿ, ಸುರುಳಿ ಸ್ಪ್ರಿಂಗ್ ಅಥವಾ ತಿರುಚು ಸರಳುಗಳ ಮೇಲೆ ನಿಂತಿರುವುದರಿಂದ ಹೊರೆ ಹೆಚ್ಚು ಕಡಿಮೆಯಾದಂತೆ ಈ ಎತ್ತರವೂ ಬದಲಾಗುತ್ತದೆ. ಖಾಲಿಯಿರುವಾಗ ಹಿಂಭಾಗವನ್ನು ಎತ್ತಿ ಮುಂಭಾಗವನ್ನು ತಗ್ಗಿಸಿ ನಿಲ್ಲುವ ವಾಹನವನ್ನು ಸಮ ಮಾಡುವುದು, ಹೊರೆ ಬಿದ್ದಾಗ ಕುಸಿಯುವ ಹಿಂಭಾಗವನ್ನು ಮೇಲೆತ್ತುವುದು ಎಂಬ ಎರಡು ಬೇರೆ ಬೇರೆ ಕೆಲಸಗಳನ್ನು ವರ್ಕ್‌ಶಾಪುಗಳಲ್ಲಿ ಒಂದೇ ಹೆಸರಿನಿಂದ ಕರೆಯುವುದುಂಟು. ಇವೆರಡರ ಉದ್ದೇಶಗಳು ಹಲವು ವೇಳೆ ಒಂದಕ್ಕೊಂದು ವಿರುದ್ಧವಾಗಿರುತ್ತವೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಒಂದೇ ವಾಹನವು ಒಂದು ದಿನ ಕೊಬ್ಬರಿ ಚೀಲವನ್ನೂ ಮತ್ತೊಂದು ದಿನ ಸಿಪ್ಪೆಯನ್ನೂ ಹೊರಬೇಕಾಗುವುದರಿಂದ, ಮಟ್ಟಕ್ಕೂ ಹೊರುವ ಸಾಮರ್ಥ್ಯಕ್ಕೂ ಇರುವ ಅಂತರ ಇಲ್ಲಿ ವಿಶೇಷವಾಗಿ ಸ್ಪಷ್ಟವಾಗುತ್ತದೆ.

ಪ್ರದೇಶ ಮತ್ತು ಸಾಗಣೆ

ಈ ಮೂರು ತಾಲ್ಲೂಕುಗಳ ಕೃಷಿ ಉಂಡೆ ಕೊಬ್ಬರಿಯನ್ನು ನಡುವಿಟ್ಟುಕೊಂಡು ಬೆಳೆದಿದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಮನೆಯ ಅಟ್ಟದಲ್ಲೋ ಗೋದಾಮಿನಲ್ಲೋ ಸುಮಾರು ಎಂಟರಿಂದ ಹನ್ನೆರಡು ತಿಂಗಳು ಇಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು ಒಡೆದು ಇಡಿಯಾಗಿ ತೆಗೆದದ್ದೇ ಉಂಡೆ ಕೊಬ್ಬರಿ. ಇದರ ಪ್ರಮುಖ ಮಾರುಕಟ್ಟೆ ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣ. ಅಲ್ಲಿಂದ ಸರಕು ಹೆಚ್ಚಾಗಿ ಉತ್ತರ ಭಾರತದ ರಾಜ್ಯಗಳಿಗೆ ಹೋಗುತ್ತದೆ. ತೋಟದಿಂದ ಅಟ್ಟಕ್ಕೆ ಕಾಯಿ, ಅಟ್ಟದಿಂದ ಮಾರುಕಟ್ಟೆಗೆ ಕೊಬ್ಬರಿ, ಸುಲಿದ ಜಾಗದಿಂದ ನಾರಿನ ಕಾರ್ಖಾನೆಗೆ ಸಿಪ್ಪೆ, ಇದ್ದಿಲು ಸುಡುವ ಘಟಕಕ್ಕೆ ಚಿಪ್ಪು, ಕಾಯಿಪುಡಿ ಕಾರ್ಖಾನೆಗೆ ಸುಲಿದ ಕಾಯಿ ಎಂಬಂತೆ ಒಂದೇ ಬೆಳೆಯಿಂದ ಹಲವು ತೂಕದ, ಹಲವು ಗಾತ್ರದ ಸರಕುಗಳು ಹುಟ್ಟಿಕೊಳ್ಳುತ್ತವೆ. ಇವುಗಳಲ್ಲಿ ಬಹುಪಾಲು ಸಾಗಣೆ ಕೆಲವೇ ಕಿಲೋಮೀಟರುಗಳ ಒಳಗೆ ನಡೆಯುವುದರಿಂದ ಅದು ದೊಡ್ಡ ಲಾರಿಗಳಿಗಿಂತ ಟ್ರ್ಯಾಕ್ಟರ್ ಮತ್ತು ಪಿಕಪ್‌ಗಳ ಪಾಲಿಗೇ ಬರುತ್ತದೆ.

ತಿಪಟೂರು ಬೆಂಗಳೂರು–ಹೊನ್ನಾವರ ರಸ್ತೆಯ ಮೇಲಿದೆ, ಬಿ.ಎಚ್. ರಸ್ತೆ ಎಂದೇ ಜನ ಕರೆಯುವ ಈ ಮಾರ್ಗದ ಇಲ್ಲಿನ ಭಾಗ ಹಿಂದೆ 206ನೆಯ ರಾಷ್ಟ್ರೀಯ ಹೆದ್ದಾರಿಯಾಗಿದ್ದು ಈಗ 73ನೆಯ ಹೆದ್ದಾರಿಯಾಗಿದೆ. ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳನ್ನು ದಾಟಿ ನಾಗಮಂಗಲದ ಕಡೆಗೆ ಸಾಗುವ 150ಎ ಹೆದ್ದಾರಿ ಕೆ.ಬಿ. ಕ್ರಾಸ್‌ನಲ್ಲಿ ಇದನ್ನು ಸಂಧಿಸುತ್ತದೆ. ಆದರೆ ಸರಕು ಹುಟ್ಟುವುದು ಹೆದ್ದಾರಿಯ ಮೇಲಲ್ಲ. ಕೆರೆ ಏರಿ, ಹೇಮಾವತಿ ನಾಲೆಯ ಬದಿಯ ಮಣ್ಣು ದಾರಿ, ತೋಟದ ಬದು, ಊರೊಳಗಿನ ರಸ್ತೆ ಉಬ್ಬುಗಳನ್ನೆಲ್ಲ ದಾಟಿದ ಮೇಲಷ್ಟೇ ವಾಹನ ಡಾಂಬರು ಕಾಣುತ್ತದೆ. ಹೀಗೆ ಒಂದೇ ಓಟದಲ್ಲಿ ಹಳ್ಳದಿಣ್ಣೆಯ ದಾರಿಯನ್ನೂ ವೇಗದ ರಸ್ತೆಯನ್ನೂ ಎದುರಿಸಬೇಕಾದ ಕಮಾನು ಪಟ್ಟಿಗೆ ಮೃದುವಾಗಿರಬೇಕಾದ ಅಗತ್ಯವೂ ಗಟ್ಟಿಯಾಗಿರಬೇಕಾದ ಅಗತ್ಯವೂ ಒಟ್ಟೊಟ್ಟಿಗೇ ಇರುತ್ತವೆ.

ಎತ್ತಿನ ಗಾಡಿಯಿಂದ ಪಿಕಪ್‌ವರೆಗೆ

ಎರಡು ಗಾಲಿಯ ಎತ್ತಿನ ಗಾಡಿಗೆ ಕಮಾನು ಇರುತ್ತಿರಲಿಲ್ಲ, ಆದರೆ ಮಟ್ಟದ ಪ್ರಶ್ನೆ ಇತ್ತು. ಹೇರು ಅಚ್ಚಿಗಿಂತ ಮುಂದಕ್ಕೆ ಹೆಚ್ಚಾಗಿ ಬಿದ್ದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತಿತ್ತು, ಇದು ಮುಂಭಾರ. ಹಿಂದಕ್ಕೆ ಹೆಚ್ಚಾಗಿ ಬಿದ್ದರೆ ಮೂಕಿ ಮೇಲೆದ್ದು ನೊಗ ಹೆಗಲು ಬಿಟ್ಟು ಕುತ್ತಿಗೆಯ ಹಗ್ಗ ಬಿಗಿಯುತ್ತಿತ್ತು, ಇದು ಹಿಂಭಾರ. ಗಾಡಿ ಹೊಡೆಯುವವನು ಕಾಯಿಯ ಚೀಲಗಳನ್ನು ಅಚ್ಚಿನ ಹಿಂದು ಮುಂದಕ್ಕೆ ಸರಿಸಿ, ನೊಗದ ಮೇಲೆ ತುಸು ಮುಂಭಾರ ಉಳಿಯುವಂತೆ ಹೇರುತ್ತಿದ್ದ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಎರಡು ಚಕ್ರದ ಟ್ರೈಲರಿಗೂ ಪಿಕಪ್‌ನ ಹಿಂದಿನ ಹುಕ್ಕಿಗೆ ಸಿಕ್ಕಿಸುವ ಗಾಲಿಬಂಡಿಗೂ ಅನ್ವಯಿಸುವುದು ಇದೇ ನಿಯಮ. ಆದ್ದರಿಂದ ಹುಕ್ಕಿನ ಮೇಲೆ ಟ್ರೈಲರು ಕೆಳಮುಖವಾಗಿ ಹಾಕುವ ಭಾರವನ್ನು ಈ ಲೇಖನದಲ್ಲಿ ಮುಂಭಾರ ಎಂದೇ ಕರೆಯಲಾಗಿದೆ.

ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ದೀರ್ಘವೃತ್ತಾಕಾರದ ಕಮಾನಿಗೆ ಇಂಗ್ಲೆಂಡಿನ ಒಬಾಡಯ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದನು. ಕುದುರೆ ಸಾರೋಟುಗಳಿಗಾಗಿ ಬಂದ ಆ ರಚನೆಯ ಅರ್ಧಭಾಗವೇ ಮುಂದೆ ಮೋಟಾರು ಲಾರಿಗಳ ಕಮಾನು ಪಟ್ಟಿಯಾಯಿತು. ಭಾರತದಲ್ಲಿ ಹಗುರ ಸರಕು ವಾಹನಗಳ ಬಳಕೆ 1986ರಲ್ಲಿ ಬಂದ ಟಾಟಾ 407, 2005ರಲ್ಲಿ ಬಂದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮತ್ತು ಮಹೀಂದ್ರ ಬೊಲೆರೊ ಪಿಕಪ್ ಸರಣಿಗಳ ಮೂಲಕ ಹಳ್ಳಿಗಳವರೆಗೆ ಹರಡಿತು. ಮುಕ್ಕಾಲು ಟನ್ನಿನಿಂದ ಎರಡು ಟನ್ನಿನ ಆಸುಪಾಸಿನವರೆಗೆ ಸರಕು ಹೊರುವ ಈ ವರ್ಗದ ವಾಹನಗಳಲ್ಲಿ ಹಿಂದಿನ ಅಚ್ಚು ಸಾಮಾನ್ಯವಾಗಿ ಕಮಾನು ಪಟ್ಟಿಯ ಮೇಲೆಯೇ ನಿಂತಿರುತ್ತದೆ.

ಕಮಾನು ಪಟ್ಟಿಯ ರಚನೆ ಮತ್ತು ಕೆಲಸ

ಕಮಾನು ಪಟ್ಟಿಯ ಕಟ್ಟಿನಲ್ಲಿ ಎಲ್ಲಕ್ಕಿಂತ ಉದ್ದವಾದ ಮೇಲಿನ ಪಟ್ಟಿ ಮುಖ್ಯ ಪಟ್ಟಿ. ಅದರ ಎರಡೂ ತುದಿಗಳನ್ನು ಸುತ್ತಿ ಮಾಡಿದ ಕಣ್ಣುಗಳಲ್ಲಿ ಬುಷ್ ಕೂರುತ್ತದೆ. ಒಂದು ಕಣ್ಣು ಚಾಸಿಗೆ ನೇರವಾಗಿಯೂ ಇನ್ನೊಂದು ಕಣ್ಣು ಶಾಕಲ್ ಎಂಬ ತೂಗುಕೊಂಡಿಯ ಮೂಲಕವೂ ಸೇರಿರುತ್ತದೆ, ಏಕೆಂದರೆ ಹೊರೆ ಬಿದ್ದು ಕಮಾನು ಚಪ್ಪಟೆಯಾದಾಗ ಅದರ ಉದ್ದ ತುಸು ಹೆಚ್ಚಿ ಆ ತುದಿ ಹಿಂದಕ್ಕೆ ಸರಿಯಲೇಬೇಕು. ಕೆಳಗಿನ ಪಟ್ಟಿಗಳು ಕ್ರಮವಾಗಿ ಗಿಡ್ಡವಾಗುತ್ತ ಹೋಗುತ್ತವೆ; ಎಲ್ಲವನ್ನೂ ನಡುವೆ ತೂರಿದ ಸೆಂಟರ್ ಬೋಲ್ಟ್ ಒಂದೆಡೆ ಹಿಡಿದರೆ, ಎರಡು ಯು-ಬೋಲ್ಟ್‌ಗಳು ಇಡೀ ಕಟ್ಟನ್ನು ಅಚ್ಚಿನ ಹೌಸಿಂಗಿಗೆ ಬಿಗಿಯುತ್ತವೆ. ಹಲವು ವಾಹನಗಳಲ್ಲಿ ಇವುಗಳ ಜೊತೆಗೆ ಹೆಲ್ಪರ್ ಎಂಬ, ಹೆಚ್ಚು ಬಾಗಿರದ ದಪ್ಪ ಪಟ್ಟಿ ಇರುತ್ತದೆ. ಅದು ಖಾಲಿಯಿರುವಾಗ ಕೆಲಸಕ್ಕೆ ಬಾರದೆ, ಚಾಸಿ ನಿರ್ದಿಷ್ಟ ಮಟ್ಟಕ್ಕೆ ಇಳಿದ ಮೇಲೆ ತಾಕಿ ಹೊರೆಯ ಪಾಲು ಪಡೆಯುತ್ತದೆ. ವರ್ಕ್‌ಶಾಪಿನ ಮಾತಿನಲ್ಲಿ ಪಟ್ಟಿಗಳಿಗೆ ಪ್ಲೇಟು ಎಂದೂ ಇಡೀ ಕಟ್ಟಿಗೆ ಪ್ಲೇಟ್ ಸೆಟ್ ಎಂದೂ ಹೆಸರು.

ಕಟ್ಟನ್ನು ಒಂದು ಸೆಂಟಿಮೀಟರಿನಷ್ಟು ಬಾಗಿಸಲು ಬೇಕಾದ ಬಲವೇ ಅದರ ಬಿಗಿತ. ಒಂದೇ ಅಳತೆಯ ಪಟ್ಟಿಗಳ ಸಂಖ್ಯೆ ಹೆಚ್ಚಿದಂತೆ ಬಿಗಿತವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಆದರೆ ಪಟ್ಟಿಯ ದಪ್ಪ ಹೆಚ್ಚಿದರೆ ಅದು ದಪ್ಪದ ಘನದ ಪ್ರಮಾಣದಲ್ಲಿ ಏರುತ್ತದೆ. ಸಮಾನವಾದ ಐದು ಪಟ್ಟಿಗಳಿರುವ ಕಟ್ಟಿಗೆ ಅಂಥದೇ ಆರನೆಯದನ್ನು ಸೇರಿಸಿದರೆ ಬಿಗಿತ ಸುಮಾರು ಶೇ. 20ರಷ್ಟು ಹೆಚ್ಚಾಗುತ್ತದೆ, ಅದೇ 8 ಮಿಲಿಮೀಟರ್ ದಪ್ಪದ ಪಟ್ಟಿಯ ಜಾಗದಲ್ಲಿ 10 ಮಿಲಿಮೀಟರಿನದನ್ನು ಹಾಕಿದರೆ ಆ ಒಂದು ಪಟ್ಟಿಯ ಬಿಗಿತವೇ ಬಹುತೇಕ ಇಮ್ಮಡಿಯಾಗುತ್ತದೆ. ಕೈಗೆ ಸಿಕ್ಕ ಹಳೆಯ ಲಾರಿಯ ಪಟ್ಟಿಯನ್ನು ಕತ್ತರಿಸಿ ಪಿಕಪ್‌ಗೆ ಹಾಕಿದಾಗ ವಾಹನ ಎಣಿಸಿದ್ದಕ್ಕಿಂತ ಹೆಚ್ಚು ಕುಕ್ಕುವುದಕ್ಕೆ ಈ ಘನ ಸಂಬಂಧವೇ ಕಾರಣ.

ಖಾಲಿ ಪಿಕಪ್‌ನ ಹಿಂಭಾಗ ಎತ್ತರವಾಗಿರುವುದು ತಯಾರಿಕೆಯ ದೋಷವಲ್ಲ. ಎಂಜಿನ್, ಗೇರ್‌ಬಾಕ್ಸ್ ಮತ್ತು ಚಾಲಕನ ಕೋಣೆಯ ಭಾರ ಸದಾ ಮುಂದಿನ ಅಚ್ಚಿನ ಕಡೆಗೇ ಇರುವುದರಿಂದ ಅಲ್ಲಿನ ಹೊರೆ ಹೆಚ್ಚು ಬದಲಾಗುವುದಿಲ್ಲ. ಹಿಂದಿನ ಅಚ್ಚಿನ ಮೇಲಾದರೋ ಖಾಲಿಯಿದ್ದಾಗಿನ ಭಾರಕ್ಕೂ ಪೂರ್ತಿ ಹೇರಿದಾಗಿನ ಭಾರಕ್ಕೂ ಎರಡು ಮೂರು ಪಟ್ಟು ಅಂತರವಿರುತ್ತದೆ. ಪೂರ್ತಿ ಹೊರೆಯಲ್ಲಿ ಚಾಸಿ ಸಮವಾಗಿ ನಿಲ್ಲಬೇಕಾದರೆ, ಆ ಹೊರೆಗೆ ಇಳಿಯಬೇಕಾದಷ್ಟು ಎತ್ತರವನ್ನು ಖಾಲಿಯಿರುವಾಗಲೇ ಹಿಂಭಾಗದಲ್ಲಿ ಮೀಸಲಿಡಬೇಕಾಗುತ್ತದೆ. ಹೀಗೆ ಮೀಸಲಿಟ್ಟ ಎತ್ತರವನ್ನು ನೋಟದ ಕೊರತೆಯೆಂದು ತಿಳಿದು ತೆಗೆದುಹಾಕಿದರೆ, ಹೊರೆ ಬಂದಾಗ ಇಳಿಯಲು ಜಾಗವಿಲ್ಲದೆ ಅಚ್ಚು ಚಾಸಿಯ ಕೆಳಗಿನ ರಬ್ಬರ್ ತಡೆಗೆ ಹೊಡೆಯತೊಡಗುತ್ತದೆ.

ಹೊರೆಯ ಬಗೆಗಳು

ಸಿಪ್ಪೆಯುಳ್ಳ ಬಲಿತ ತೆಂಗಿನಕಾಯಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಸಿಪ್ಪೆಯದೇ ಭಾರ. ಕಾಯಿಗೆ 1.2 ಕಿಲೋ ಎಂದು ಹಿಡಿದರೆ ಸಾವಿರ ಕಾಯಿ 1.2 ಟನ್ ಆಗುತ್ತದೆ, ಅಂದರೆ ಸಾಮಾನ್ಯ ಪಿಕಪ್‌ನ ಅನುಮತಿತ ಹೊರೆ ಸಾವಿರ ಕಾಯಿಗೇ ಹೆಚ್ಚು ಕಡಿಮೆ ಮುಗಿಯುತ್ತದೆ. ಅದೇ ಕಾಯಿಯನ್ನು ಸುಲಿದು ಹೇರಿದರೆ ಅಷ್ಟೇ ತೂಕಕ್ಕೆ ಸುಮಾರು ಸಾವಿರದ ಐನೂರು ಕಾಯಿ ಹಿಡಿಯುತ್ತದೆ, ಆದರೆ ಬಾಡಿಯಲ್ಲಿ ತುಂಬಿದ ಎತ್ತರ ತಗ್ಗಾಗಿರುವುದರಿಂದ ಇನ್ನೂ ಜಾಗವಿದೆ ಎಂಬ ಭಾವನೆ ಹುಟ್ಟಿ ಮಿತಿ ಮೀರುವ ಸಂಭವ ಹೆಚ್ಚು. ಉಂಡೆ ಕೊಬ್ಬರಿಯಲ್ಲಿ ನೀರಿನ ಅಂಶ ಬಹಳ ಕಡಿಮೆ, ಚೀಲಗಳನ್ನು ಸಾಲಾಗಿ ಜೋಡಿಸಬಹುದು. ಹೀಗಾಗಿ ತೂಕವನ್ನು ಅಚ್ಚಿನ ಮುಂದಕ್ಕೂ ಹಿಂದಕ್ಕೂ ಲೆಕ್ಕ ಹಾಕಿ ಹಂಚಲು ಇದು ಅನುಕೂಲವಾದ ಸರಕು.

ಸಿಪ್ಪೆಯ ಹೊರೆಯ ತೊಡಕು ಬೇರೆ ಬಗೆಯದು. ಒಣಸಿಪ್ಪೆ ತೂಕದಲ್ಲಿ ಹಗುರವಾದರೂ ಗಾತ್ರದಲ್ಲಿ ದೊಡ್ಡದು, ಆದ್ದರಿಂದ ಬಾಡಿಯ ಅಂಚುಗಳ ಮೇಲೆ ಬಲೆ ಕಟ್ಟಿ ಎತ್ತರಕ್ಕೂ ಹಿಂದಕ್ಕೂ ಚಾಚುವಂತೆ ಹೇರುತ್ತಾರೆ. ಮಳೆ ಬಿದ್ದರೆ ನಾರು ಮತ್ತು ಪುಡಿ ನೀರು ಹೀರಿ ಅದೇ ಹೇರಿನ ತೂಕ ದಾರಿಯಲ್ಲೇ ಏರುತ್ತದೆ. ಅಚ್ಚಿನ ಹಿಂದೆ ಚಾಚಿಕೊಂಡ ಭಾಗದ ಭಾರ ಸನ್ನೆಯಂತೆ ಕೆಲಸಮಾಡಿ ಹಿಂದಿನ ಕಮಾನನ್ನು ತನ್ನ ತೂಕಕ್ಕಿಂತ ಹೆಚ್ಚಾಗಿ ಒತ್ತುತ್ತದೆ ಮತ್ತು ಮುಂದಿನ ಚಕ್ರಗಳ ಭಾರವನ್ನು ಕಡಿಮೆ ಮಾಡುತ್ತದೆ. ಎತ್ತರದ ಹೇರಿನಿಂದ ಗುರುತ್ವ ಕೇಂದ್ರ ಮೇಲೇರುವುದರಿಂದ ತಿರುವಿನಲ್ಲಿ ವಾಲುವಿಕೆಯೂ ಹೆಚ್ಚುತ್ತದೆ. ಇಂಥ ಹೊರೆಗೆ ಮುಂದು ಹಿಂದಿನ ಮಟ್ಟಕ್ಕಿಂತ ಎಡಬಲದ ಮಟ್ಟವೇ ಹೆಚ್ಚು ಮುಖ್ಯ, ಮತ್ತು ಎರಡು ಬದಿಯ ಕಟ್ಟುಗಳಲ್ಲಿ ಪಟ್ಟಿಗಳ ಸಂಖ್ಯೆಯೂ ಅವು ಬಾಗು ಕಳೆದುಕೊಂಡು ಸೊರಗಿದ ಪ್ರಮಾಣವೂ ಒಂದೇ ಆಗಿರಬೇಕು.

ಎಳೆತ ಮತ್ತು ಮುಂಭಾರ

ಈ ಸೀಮೆಯಲ್ಲಿ ಎಳೆಯುವ ಕೆಲಸದ ಬಹುಪಾಲು ಟ್ರ್ಯಾಕ್ಟರಿನದು. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಕಮಾನೇ ಇಲ್ಲದಿರುವುದರಿಂದ ಅದರ ಹಿಂಭಾಗ ಕುಸಿಯುವುದಿಲ್ಲ. ಬದಲಿಗೆ ಎರಡು ಚಕ್ರದ ಟ್ರೈಲರಿನ ಮುಂಭಾರ ಮಿತಿಮೀರಿದರೆ ಮುಂದಿನ ಚಕ್ರಗಳು ಹಗುರವಾಗಿ ಏರಿನಲ್ಲಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ, ಅದಕ್ಕಾಗಿಯೇ ಮೂತಿಯ ಮುಂದೆ ಎರಕದ ತೂಕಗಳನ್ನು ತೂಗುಹಾಕಲಾಗುತ್ತದೆ. ಮುಂದೆ ತಿರುಗುವ ಅಚ್ಚಿರುವ ನಾಲ್ಕು ಚಕ್ರದ ಟ್ರೈಲರು ತನ್ನ ಭಾರವನ್ನು ತಾನೇ ಹೊರುವುದರಿಂದ ಹುಕ್ಕಿನ ಮೇಲೆ ಹೆಚ್ಚೇನೂ ಹೇರುವುದಿಲ್ಲ.

ಪಿಕಪ್‌ಗಳು ಜನರೇಟರ್, ಗಾಳಿ ಕಂಪ್ರೆಸರ್, ಸಣ್ಣ ಯಂತ್ರಗಳ ಗಾಲಿಬಂಡಿಗಳನ್ನು ಎಳೆಯುವಾಗ ಪ್ರಶ್ನೆ ಬೇರೆಯಾಗುತ್ತದೆ, ಏಕೆಂದರೆ ಹುಕ್ಕು ಹಿಂದಿನ ಅಚ್ಚಿಗಿಂತ ಬಹಳ ಹಿಂದೆ ಇರುತ್ತದೆ. ಎರಡು ಅಚ್ಚುಗಳ ನಡುವಿನ ಅಂತರ 3 ಮೀಟರ್, ಹುಕ್ಕು ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿದೆ ಎಂದಿಟ್ಟುಕೊಂಡರೆ, ಹುಕ್ಕಿನ ಮೇಲೆ 200 ಕಿಲೋ ಮುಂಭಾರ ಬಿದ್ದಾಗ ಮುಂದಿನ ಅಚ್ಚಿನಿಂದ 80 ಕಿಲೋ ಕಳೆದುಹೋಗಿ ಹಿಂದಿನ ಅಚ್ಚಿನ ಮೇಲೆ 280 ಕಿಲೋ ಸೇರುತ್ತದೆ. ಅಂದರೆ ಹುಕ್ಕಿನ ಭಾರವು ಹಿಂದಿನ ಕಮಾನನ್ನು ಇಳಿಸುವುದಷ್ಟೇ ಅಲ್ಲ, ಮುಂದಿನ ಕಮಾನನ್ನು ಏರಿಸುತ್ತದೆ. ಓರೆ ಎರಡೂ ಕಡೆಯಿಂದ ಬೆಳೆಯುತ್ತದೆ.

ಹಾಗೆಂದು ಮುಂಭಾರವನ್ನು ಇಲ್ಲವಾಗಿಸುವಂತಿಲ್ಲ. ಟ್ರೈಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಹುಕ್ಕಿನ ಮೇಲಿರಬೇಕು ಎಂಬುದು ಪಿಕಪ್‌ಗಳಿಂದ ಭಾರಿ ಟ್ರೈಲರುಗಳನ್ನು ಎಳೆಯುವ ಅಮೆರಿಕದ ರೂಢಿಯಲ್ಲಿ ನೆಲೆಯಾಗಿರುವ ಪ್ರಮಾಣ. ಇದಕ್ಕಿಂತ ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೈಲರು ಎಡಬಲಕ್ಕೆ ಓಲಾಡತೊಡಗಿ ಎಳೆಯುವ ವಾಹನವನ್ನೂ ತಿರುಚುತ್ತದೆ. ಆದ್ದರಿಂದ ಹಿಂಭಾಗ ಕುಸಿಯುತ್ತದೆಂಬ ಕಾರಣಕ್ಕೆ ಸರಕನ್ನು ಟ್ರೈಲರಿನ ಹಿಂತುದಿಗೆ ಸರಿಸುವುದು ಒಂದು ದೋಷವನ್ನು ಮುಚ್ಚಲು ಅದಕ್ಕಿಂತ ಅಪಾಯಕರವಾದ ಇನ್ನೊಂದನ್ನು ತಂದುಕೊಂಡಂತೆ. ಹುಕ್ಕಿನ ಎತ್ತರವನ್ನು ಟ್ರೈಲರಿನ ಮೂಕಿಯ ಎತ್ತರಕ್ಕೆ ಹೊಂದಿಸಿ, ಹೊರೆ ಹೇರಿದ ಮೇಲೆ ಟ್ರೈಲರೂ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಮಾಡುವುದು ಇಲ್ಲಿ ಮೊದಲ ಕೆಲಸ.

ಮಟ್ಟ ಮಾಡುವ ವಿಧಾನಗಳು

ಹಿಂದಿನ ಕಟ್ಟಿಗೆ ಪ್ಲೇಟು ಸೇರಿಸುವುದು ಎಲ್ಲಕ್ಕಿಂತ ಬಳಕೆಯಲ್ಲಿರುವ ವಿಧಾನ. ಇದರಿಂದ ಪೂರ್ತಿ ಹೊರೆಯಲ್ಲಿ ಕುಸಿತ ಕಡಿಮೆಯಾಗುತ್ತದೆ, ಆದರೆ ಖಾಲಿ ವಾಹನದ ಹಿಂಭಾಗ ಇನ್ನಷ್ಟು ಏರಿ ಮೂಗು ಇನ್ನಷ್ಟು ತಗ್ಗಿದಂತೆ ಕಾಣುತ್ತದೆ ಮತ್ತು ಖಾಲಿ ಓಟದಲ್ಲಿ ಹಿಂದಿನ ಚಕ್ರಗಳು ನೆಲ ಬಿಟ್ಟು ಜಿಗಿಯುತ್ತವೆ. ಕಮಾನಿನ ಮೇಲೆ ತೂಗುವ ಭಾರದ ತುಯ್ದಾಟದ ವೇಗವನ್ನು ಸ್ಥಿರ ಬಾಗುವಿಕೆಯಿಂದ ಲೆಕ್ಕಹಾಕಬಹುದು: ಹೊರೆಯಿಂದ 16 ಸೆಂಟಿಮೀಟರ್ ಬಾಗಿದ ಕಮಾನು ಸೆಕೆಂಡಿಗೆ ಸುಮಾರು ಒಂದೂಕಾಲು ಬಾರಿ ತುಯ್ದರೆ, ಕೇವಲ 4 ಸೆಂಟಿಮೀಟರ್ ಬಾಗುವ ಬಿಗಿಯಾದ ಕಮಾನು ಎರಡೂವರೆ ಬಾರಿ ತುಯ್ಯುತ್ತದೆ. ಮನುಷ್ಯದೇಹ ಆರಾಮವಾಗಿ ತಾಳಿಕೊಳ್ಳುವುದು ಒಂದರಿಂದ ಒಂದೂವರೆ ಬಾರಿಯ ತುಯ್ದಾಟವನ್ನು; ಪ್ಲೇಟು ತುಂಬಿದ ಪಿಕಪ್ ಹಳ್ಳಿ ದಾರಿಯಲ್ಲಿ ಚಾಲಕನ ಸೊಂಟಕ್ಕೂ ಬಾಡಿಯ ಬೆಸುಗೆಗೂ ಕೊಡುವ ಪೆಟ್ಟಿನ ಮೂಲ ಇದು.

ಎರಡನೆಯದು ಹೆಲ್ಪರ್ ಪಟ್ಟಿ. ಹೊರೆ ನಿರ್ದಿಷ್ಟ ಮಿತಿ ಮುಟ್ಟುವವರೆಗೆ ಸುಮ್ಮನಿದ್ದು ಆಮೇಲೆ ಕೈಜೋಡಿಸುವ ಇದು ಖಾಲಿ ಓಟದ ಮೃದುತನವನ್ನೂ ಹೊರೆಯ ಓಟದ ಗಟ್ಟಿತನವನ್ನೂ ತಕ್ಕಮಟ್ಟಿಗೆ ಒಟ್ಟಿಗೆ ಕೊಡುತ್ತದೆ. ಕೊಬ್ಬರಿ, ಸಿಪ್ಪೆ, ಖಾಲಿ ಓಟ ಮೂರನ್ನೂ ಮಾಡುವ ವಾಹನಕ್ಕೆ ಪಟ್ಟಿ ಹೆಚ್ಚಿಸುವುದಕ್ಕಿಂತ ಇದು ಮೇಲು. ಮೂರನೆಯದು, ಸೊರಗಿದ ಹಳೆಯ ಪಟ್ಟಿಗಳ ಕಮಾನನ್ನು ಮತ್ತೆ ತಿದ್ದುವುದು. ಸ್ಪ್ರಿಂಗ್ ಉಕ್ಕು ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತದ್ದು. ಅದನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಮಿತವಾಗಿ ಕಾಯಿಸಿ ಹದ ಕೊಟ್ಟಿರುತ್ತಾರೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಹಾಗೆಯೇ ಆರಲು ಬಿಟ್ಟ ಪಟ್ಟಿಯ ಹದ ಹೋಗಿರುವುದರಿಂದ ಅದು ಕೆಲವೇ ಓಟಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ; ತಣ್ಣಗೆ ಬಡಿದು ತಿದ್ದಿದ ಪಟ್ಟಿ ಅದಕ್ಕಿಂತ ಹೆಚ್ಚು ಬಾಳುತ್ತದಾದರೂ ಸುತ್ತಿಗೆಯ ಗುರುತುಗಳಿಂದ ಬಿರುಕು ಹುಟ್ಟಬಹುದು. ಪಟ್ಟಿಗಳು ಮುರಿಯುವುದು ಹೆಚ್ಚಾಗಿ ಸೆಂಟರ್ ಬೋಲ್ಟಿನ ತೂತಿನ ಬಳಿ, ಯು-ಬೋಲ್ಟ್ ಸಡಿಲವಾದಾಗ.

ನಾಲ್ಕನೆಯದು ಅಚ್ಚಿಗೂ ಕಟ್ಟಿಗೂ ನಡುವೆ ಉಕ್ಕಿನ ಅಡಿಗಟ್ಟೆ ಇಡುವುದು. ಇದು ಎತ್ತರವನ್ನು ಬದಲಿಸುತ್ತದೆಯೇ ಹೊರತು ಬಿಗಿತವನ್ನಲ್ಲ; ಹೊರೆ ಬಿದ್ದಾಗ ವಾಹನ ಮೊದಲಿನಷ್ಟೇ ಕುಸಿಯುತ್ತದೆ, ಕುಸಿತ ಆರಂಭವಾಗುವ ಮಟ್ಟ ಮಾತ್ರ ಮೇಲಿರುತ್ತದೆ. ಒಂದರ ಮೇಲೊಂದು ಅಡಿಗಟ್ಟೆ ಪೇರಿಸುವುದೂ ಮುಂದಿನ ಅಚ್ಚಿಗೆ ಅದನ್ನು ಇಡುವುದೂ ಅಪಾಯಕಾರಿ, ಏಕೆಂದರೆ ಬ್ರೇಕ್ ಹಾಕಿದಾಗ ಅಚ್ಚನ್ನು ತಿರುಚುವ ಬಲ ಅಡಿಗಟ್ಟೆಯನ್ನು ಜಾರಿಸಬಲ್ಲದು. ಐದನೆಯದು ಚಾಸಿಗೂ ಅಚ್ಚಿಗೂ ನಡುವೆ ಗಾಳಿಚೀಲ ಕೂರಿಸಿ, ಹೊರೆ ಬಂದಾಗ ಗಾಳಿ ತುಂಬಿ ಖಾಲಿಯಾದಾಗ ಇಳಿಸುವುದು. ಬಸ್ಸುಗಳಲ್ಲಿ ಕಾಣುವ ಈ ತತ್ತ್ವವು ಹೊರೆಗೆ ತಕ್ಕಂತೆ ಮಟ್ಟವನ್ನು ಹೊಂದಿಸಿಕೊಳ್ಳಲು ಎಲ್ಲಕ್ಕಿಂತ ಅನುಕೂಲಕರವಾದರೂ, ಮುಳ್ಳು, ಕಲ್ಲು, ಕೆಸರಿನ ದಾರಿಯಲ್ಲಿ ಚೀಲ ಮತ್ತು ಕೊಳವೆಗಳಿಗೆ ರಕ್ಷಣೆ ಬೇಕಾಗುತ್ತದೆ.

ಅಮೆರಿಕದಲ್ಲಿ ಫೋರ್ಡ್ ಎಫ್-250, ರಾಮ್ 2500ರಂಥ ಭಾರಿ ಪಿಕಪ್‌ಗಳ ಮಾಲೀಕರು ಇದಕ್ಕೆ ಎದುರುಮುಖವಾದ ಮಾರ್ಗ ಹಿಡಿಯುತ್ತಾರೆ: ಹಿಂಭಾಗವನ್ನು ಮುಟ್ಟದೆ ಮುಂಭಾಗದ ಸುರುಳಿ ಸ್ಪ್ರಿಂಗಿನ ಮೇಲೆ ಅಡಿಗಟ್ಟೆ ಇಟ್ಟೋ ತಿರುಚು ಸರಳಿನ ಕೀಲಿಯನ್ನು ತಿರುಗಿಸಿಯೋ ಐದಾರು ಸೆಂಟಿಮೀಟರ್ ಏರಿಸಿ, ಖಾಲಿ ವಾಹನ ಸಮವಾಗಿ ಕಾಣುವಂತೆಯೂ ದೊಡ್ಡ ಟೈರು ಹಿಡಿಸುವಂತೆಯೂ ಮಾಡುತ್ತಾರೆ. ಟ್ರೈಲರು ಕಟ್ಟಿದ ಕೂಡಲೇ ಹಿಂಭಾಗ ಇಳಿದು ಮೂಗು ಆಕಾಶ ನೋಡುವುದರಿಂದ, ಹಿಂದಕ್ಕೆ ಗಾಳಿಚೀಲವನ್ನೋ ಮುಂಭಾರದ ಒಂದು ಪಾಲನ್ನು ಉಕ್ಕಿನ ಸರಳುಗಳ ಮೂಲಕ ಮುಂದಿನ ಅಚ್ಚಿಗೂ ಟ್ರೈಲರಿನ ಅಚ್ಚಿಗೂ ಹಿಂತಿರುಗಿಸುವ ಭಾರ ಹಂಚುವ ಹುಕ್ಕನ್ನೋ ಸೇರಿಸಬೇಕಾಗುತ್ತದೆ. ಎರಡು ದೇಶಗಳ ವಿಧಾನ ಬೇರೆಯಾದರೂ ಹೊರಡುವ ನಿಯಮ ಒಂದೇ: ಬಿಗಿತ ಬದಲಾಗದ ಕಮಾನಿನಲ್ಲಿ ಖಾಲಿ ಮಟ್ಟವನ್ನೂ ಹೊರೆಯ ಮಟ್ಟವನ್ನೂ ಒಟ್ಟಿಗೆ ಪಡೆಯಲಾಗದು.

ಉಳಿದ ಭಾಗಗಳ ಮೇಲಿನ ಪರಿಣಾಮ

ಮಟ್ಟ ಬದಲಾದಾಗ ಎಲ್ಲಕ್ಕಿಂತ ಕಡಿಮೆ ಗಮನಕ್ಕೆ ಬರುವುದು ಬ್ರೇಕು. ಅನೇಕ ಹಗುರ ಸರಕು ವಾಹನಗಳಲ್ಲಿ ಹಿಂದಿನ ಅಚ್ಚಿಗೆ ಸರಳಿನ ಮೂಲಕ ಜೋಡಿಸಿದ, ಹೊರೆ ಅರಿಯುವ ಒಂದು ಕವಾಟವಿರುತ್ತದೆ. ಚಾಸಿ ಇಳಿದಷ್ಟೂ ಹೊರೆ ಹೆಚ್ಚಿದೆಯೆಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಏರಿದಾಗ ಕಡಿಮೆ ಮಾಡುತ್ತದೆ. ಪ್ಲೇಟು ಸೇರಿಸಿದ ವಾಹನ ಪೂರ್ತಿ ಹೇರಿದಾಗಲೂ ಸಾಕಷ್ಟು ಇಳಿಯದಿರುವುದರಿಂದ ಕವಾಟವು ಅದನ್ನು ಅರೆಖಾಲಿಯೆಂದು ಭಾವಿಸುತ್ತದೆ, ಹಿಂದಿನ ಬ್ರೇಕು ದುರ್ಬಲವಾಗಿ ನಿಲುಗಡೆಯ ದೂರ ಹೆಚ್ಚುತ್ತದೆ. ಹಿಂಭಾಗವನ್ನು ತಗ್ಗಿಸಿದರೆ ಇದರ ವಿರುದ್ಧ ಪರಿಣಾಮವಾಗಿ, ಖಾಲಿಯಿರುವಾಗ ಹಿಂದಿನ ಚಕ್ರ ಬಿಗಿದು ಜಾರಬಹುದು. ಪಟ್ಟಿಯ ಕೆಲಸ ಮುಗಿದ ಮೇಲೆ ಈ ಕವಾಟದ ಸರಳನ್ನು ತಯಾರಕರ ಅಳತೆಗೆ ಮತ್ತೆ ಹೊಂದಿಸುವುದು ಅನಿವಾರ್ಯ.

ಸ್ಟೀರಿಂಗಿನಲ್ಲಿ ಬದಲಾಗುವುದು ತಿರುಗುವ ಕೀಲಿನ ಓರೆ. ಬದಿಯಿಂದ ನೋಡಿದಾಗ ಕೀಲಿನ ಮೇಲ್ತುದಿ ತುಸು ಹಿಂದಕ್ಕೆ ವಾಲಿರುವುದರಿಂದಲೇ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರವಾಗುತ್ತದೆ. ಹಿಂಭಾಗ ಏರಿದಾಗ ಈ ವಾಲು ಕಡಿಮೆಯಾಗಿ ವಾಹನ ಅತ್ತಿತ್ತ ಅಲೆಯುತ್ತದೆ. ಹಿಂಭಾಗ ಕುಸಿದಾಗ ವಾಲು ಹೆಚ್ಚಿದರೂ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಹಿಡಿತ ತಪ್ಪುತ್ತದೆ. ಮುಂಭಾಗವನ್ನು ಏರಿಸಿದಲ್ಲಿ ಸ್ಟೀರಿಂಗ್ ಸರಳುಗಳ ಕೋನವೂ ಬದಲಾಗುವುದರಿಂದ ಪ್ರತಿ ಉಬ್ಬಿನಲ್ಲೂ ಚಕ್ರ ತಾನಾಗಿ ತಿರುಗಲೆತ್ನಿಸುತ್ತದೆ, ಆಗ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟೈರುಗಳು ಒಂದು ಅಂಚಿನಲ್ಲಿ ಸವೆಯುತ್ತವೆ.

ದೀಪದ ವಿಷಯವನ್ನು ಲೆಕ್ಕದಿಂದಲೇ ನೋಡಬಹುದು. ಅಚ್ಚುಗಳ ಅಂತರ 3 ಮೀಟರ್ ಇರುವ ವಾಹನದ ಹಿಂಭಾಗ ಮುಂಭಾಗಕ್ಕಿಂತ 6 ಸೆಂಟಿಮೀಟರ್ ಹೆಚ್ಚಾಗಿ ಇಳಿದರೆ, 50 ಮೀಟರ್ ದೂರದಲ್ಲಿ ಹೆಡ್‌ಲೈಟಿನ ಬೆಳಕು ಒಂದು ಮೀಟರಿನಷ್ಟು ಮೇಲಕ್ಕೆ ಹೋಗಿ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಇದಲ್ಲದೆ ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಬಲ ಸಾಗಿಸುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕ್ರಾಸ್ ಕೀಲುಗಳ ಕೋನಗಳು ಸಮವಾಗಿರದಿದ್ದರೆ ನಿರ್ದಿಷ್ಟ ವೇಗದಲ್ಲಿ ನಡುಕ ಹುಟ್ಟಿ ಕೀಲುಗಳು ಬೇಗ ಸವೆಯುತ್ತವೆ. ಅಡಿಗಟ್ಟೆ ಇಟ್ಟವರು ಓರೆಯಾಗಿ ಕೆತ್ತಿದ ತಗಡಿನ ಬೆಣೆಯಿಂದ ಅಚ್ಚಿನ ಮೂತಿಯನ್ನು ತಿದ್ದಬೇಕಾಗುವುದು ಇದಕ್ಕಾಗಿ. ಶಾಕ್ ಅಬ್ಸಾರ್ಬರುಗಳ ಪಾತ್ರವನ್ನೂ ಇಲ್ಲಿ ಬೇರ್ಪಡಿಸಿ ತಿಳಿಯಬೇಕು: ಅವು ತುಯ್ದಾಟವನ್ನು ತಣಿಸುತ್ತವೆ, ಭಾರವನ್ನು ಹೊರುವುದಿಲ್ಲ, ಆದ್ದರಿಂದ ಕುಸಿದ ವಾಹನಕ್ಕೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ ಮಾತ್ರಕ್ಕೆ ಮಟ್ಟ ಬರುವುದಿಲ್ಲ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡವನ್ನು ಅಥವಾ ಎರಡನ್ನೂ, ಹೆಚ್ಚುವರಿ ಹೊರೆಗೆ 20,000 ರೂಪಾಯಿಯ ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿಯನ್ನೂ ಗೊತ್ತುಪಡಿಸಿತು. ಬಾಡಿಯಿಂದ ಬದಿಗೆ, ಹಿಂದಕ್ಕೆ ಅಥವಾ ಮಿತಿಗಿಂತ ಎತ್ತರಕ್ಕೆ ಚಾಚುವ ಹೇರಿಗೂ 20,000 ರೂಪಾಯಿ ದಂಡವಿದೆ. ಸವೆದ ಪಟ್ಟಿಯ ಜಾಗದಲ್ಲಿ ಅದೇ ಅಳತೆಯ ಹೊಸ ಪಟ್ಟಿ ಹಾಕುವುದು ದುರಸ್ತಿ. ಅನುಮತಿತ ಹೊರೆಗಿಂತ ಹೆಚ್ಚು ಹೊರಲೆಂದು ಪಟ್ಟಿ ಸೇರಿಸುವುದು ಆ ವ್ಯಾಪ್ತಿಗೆ ಸೇರುವುದಿಲ್ಲ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕವನ್ನು ನಿರ್ಧರಿಸುವುದು ಕಮಾನು ಪಟ್ಟಿಯೊಂದೇ ಅಲ್ಲ, ಅಚ್ಚು, ಬೇರಿಂಗ್, ಟೈರು, ಬ್ರೇಕು ಮತ್ತು ಚಾಸಿ ಎಲ್ಲವೂ ಸೇರಿ; ಇವುಗಳಲ್ಲಿ ಒಂದನ್ನು ಬಲಪಡಿಸಿದರೆ ಉಳಿದವುಗಳ ಮಿತಿ ಏರುವುದಿಲ್ಲ.

ಅಳತೆ ಮತ್ತು ನಿರ್ಧಾರದ ಕ್ರಮ

ಮಟ್ಟದ ಕೆಲಸಕ್ಕೆ ಮುನ್ನ ಅಳತೆ ಬೇಕು. ಸಮನೆಲದ ಮೇಲೆ ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಬಾಡಿಯಂಚಿನವರೆಗಿನ ಎತ್ತರವನ್ನು ಖಾಲಿ ವಾಹನದಲ್ಲಿ, ಪೂರ್ತಿ ಹೇರಿದಾಗ, ಟ್ರೈಲರು ಕಟ್ಟಿದಾಗ ಹೀಗೆ ಮೂರು ಸ್ಥಿತಿಗಳಲ್ಲಿ ಬರೆದುಕೊಳ್ಳಬೇಕು. ನಂತರ ವೇಬ್ರಿಡ್ಜ್‌ನಲ್ಲಿ ಇಡೀ ವಾಹನವನ್ನು ಒಮ್ಮೆ, ಮುಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ಒಮ್ಮೆ, ಹಿಂದಿನವನ್ನು ಮಾತ್ರ ನಿಲ್ಲಿಸಿ ಒಮ್ಮೆ ತೂಗಿದರೆ ಪ್ರತಿ ಅಚ್ಚಿನ ಪಾಲು ತಿಳಿಯುತ್ತದೆ. ಟ್ರೈಲರು ಕಟ್ಟಿದಾಗ ಮತ್ತು ಕಳಚಿದಾಗ ಪಿಕಪ್‌ನ ಎರಡು ಅಚ್ಚುಗಳ ಮೇಲಿನ ಒಟ್ಟು ತೂಕಗಳ ವ್ಯತ್ಯಾಸವೇ ಹುಕ್ಕಿನ ಮುಂಭಾರ.

ಈ ಅಂಕಿಗಳು ಕೈಯಲ್ಲಿದ್ದರೆ ನಿರ್ಧಾರ ಸುಲಭ. ಹಿಂದಿನ ಅಚ್ಚಿನ ತೂಕ ಅನುಮತಿಗಿಂತ ಹೆಚ್ಚಿದ್ದರೆ ಕಡಿಮೆ ಮಾಡಬೇಕಾದದ್ದು ಹೇರು, ಸೇರಿಸಬೇಕಾದದ್ದು ಪ್ಲೇಟಲ್ಲ. ತೂಕ ಮಿತಿಯೊಳಗಿದ್ದೂ ವಾಹನ ಒಂದು ಬದಿಗೆ ವಾಲಿದ್ದರೆ ಅಥವಾ ಖಾಲಿಯಿರುವಾಗಲೇ ಹಿಂಭಾಗ ತಗ್ಗಿದ್ದರೆ ಪಟ್ಟಿ ಮುರಿದಿದೆಯೇ, ಸೊರಗಿದೆಯೇ, ಶಾಕಲ್ ಬುಷ್ ಸವೆದಿದೆಯೇ ಎಂದು ನೋಡಿ ಎರಡೂ ಬದಿಯ ಕಟ್ಟುಗಳನ್ನು ಜೋಡಿಯಾಗಿ ಬದಲಿಸಬೇಕು. ತೂಕವೂ ಪಟ್ಟಿಯೂ ಸರಿಯಿದ್ದು ಹೇರಿದಾಗ ಮಾತ್ರ ಓರೆಯಾದರೆ ಮೊದಲು ಸರಕನ್ನು ಅಚ್ಚಿನ ಮುಂದಕ್ಕೆ ಸರಿಸಿ ನೋಡಿ, ಆಮೇಲೂ ಉಳಿಯುವ ಕುಸಿತಕ್ಕೆ ತಯಾರಕರು ಒಪ್ಪಿರುವ ಹೆಲ್ಪರನ್ನು ಆರಿಸಬೇಕು. ಪಟ್ಟಿಯ ಕೆಲಸವಾದ ವಾಹನದಲ್ಲಿ ಹೊಸ ಯು-ಬೋಲ್ಟ್‌ಗಳು ಹೊರೆ ಬಿದ್ದ ಮೇಲೆ ಸಡಿಲಗೊಳ್ಳುವುದರಿಂದ ಮೊದಲ ಕೆಲವು ಓಟಗಳ ನಂತರ ಅವನ್ನು ಮತ್ತೊಮ್ಮೆ ಬಿಗಿಸುವುದು, ಬ್ರೇಕ್ ಕವಾಟವನ್ನು ತಯಾರಕರ ಅಳತೆಗೆ ಹೊಂದಿಸಿ ಹೆಡ್‌ಲೈಟನ್ನೂ ಸರಿಪಡಿಸುವುದು ಈ ಕೆಲಸದ ಕೊನೆಯ ಹಂತಗಳು.